ನೀರು ಹಾಕಿದವರ ಬಾಗಿಲಿಗೆ

ಮೂವತ್ತನಾಲ್ಕು ವರ್ಷ ನಾನು ಈ ಊರಿನ ಭೂಮಾಪನ ಇಲಾಖೆಯಲ್ಲಿದ್ದೆ. ಕೆಲಸಕ್ಕೆ ಸೇರಿದ ದಿನ ನನ್ನ ಮೇಲಧಿಕಾರಿ ಕಲಿಸಿದ್ದು ಒಂದೇ ಪಾಠ. ಚಕ್ಕುಬಂದಿ ಬರೆಯುವಾಗ ಕಲ್ಲು ಬರಿ, ಹಳ್ಳ ಬರಿ, ಗೋಡೆ ಬರಿ, ಮರ ಮಾತ್ರ ಬರೀಬೇಡ ಅಂದಿದ್ದರು. ಬೇರೆ ಊರುಗಳ ದಸ್ತಾವೇಜಿನಲ್ಲಿ 'ಪೂರ್ವಕ್ಕೆ ಹುಣಸೆಮರ' ಎಂದು ಬರೆಯುತ್ತಾರಂತೆ. ನಮ್ಮಲ್ಲಿ ಹಾಗೆ ಬರೆದರೆ ಮುಂದಿನ ಅಳತೆಯ ಹೊತ್ತಿಗೆ ಆ ಹುಣಸೆಮರ ಪಶ್ಚಿಮದ ಓಣಿಯಲ್ಲಿ ಯಾರದೋ ಬಚ್ಚಲ ಹಿಂದೆ ನಿಂತಿರುತ್ತದೆ. ನಮ್ಮ ಊರಿನ ಗಿಡಮರಗಳು ನೀರು ಹಾಕಿದವರ ಬಾಗಿಲಿಗೆ ಹೋಗುತ್ತವೆ. ದೊಡ್ಡ ಮರಕ್ಕೆ ವರ್ಷಗಳು ಬೇಕು, ಎಳೆಗಿಡಕ್ಕೆ ವಾರ ಸಾಕು. ಯಾರೂ ನೋಡದಿದ್ದಾಗ ಬೇರಿನ ಮಣ್ಣುಹೆಂಟೆಯ ಸಮೇತ ಒಂದು ಮಾರು ಸರಿಯುತ್ತವೆ, ನೋಡಿದರೆ ನಿಂತುಬಿಡುತ್ತವೆ. ಹಳೇಪೇಟೆಯ ಅಣ್ಣತಮ್ಮಂದಿರಿಬ್ಬರು ಒಂದು ಮಾವಿನಮರಕ್ಕಾಗಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದರು. ತೀರ್ಪು ಬರುವ ಹೊತ್ತಿಗೆ ಮರ ವಕೀಲರ ಗುಮಾಸ್ತನ ಅಂಗಳದಲ್ಲಿ ಕಾಯಿ ಬಿಡುತ್ತಿತ್ತು. ಅವನ ಹೆಂಡತಿ ದಿನಾ ಅಕ್ಕಿ ತೊಳೆದ ನೀರು ಅತ್ತ ಎಸೆಯುತ್ತಿದ್ದಳಂತೆ, ಅಷ್ಟೇ. ಇಲ್ಲಿ ಹೆಣ್ಣು ನೋಡಲು ಹೋದವರು ಮೊದಲು ಬಾಗಿಲ ಮುಂದಿನ ಗಿಡ ಎಣಿಸುತ್ತಾರೆ. ಹೆಣ್ಣಿನ ಕಡೆಯವರೂ ದಡ್ಡರಲ್ಲ, ಹಿಂದಿನ ಹದಿನೈದು ದಿನ ಬೀದಿಯ ಗಿಡಕ್ಕೆಲ್ಲ ಬಿಂದಿಗೆಗಟ್ಟಲೆ ಸುರಿದಿರುತ್ತಾರೆ.

ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿ ಸುನಂದಾಳೂ ಚೈತ್ರವನ ಎಂಬ ಅಪಾರ್ಟ್‌ಮೆಂಟಿಗೆ ಬಂದೆವು. ನಾಲ್ಕು ಬ್ಲಾಕು, ಅರವತ್ನಾಲ್ಕು ಮನೆ. ಹೆಸರಿನಲ್ಲಿ ಚೈತ್ರವೂ ಇತ್ತು, ವನವೂ ಇತ್ತು. ನೆಲದ ಮೇಲೆ ಮಾತ್ರ ಹುಲ್ಲುಕಡ್ಡಿಯೂ ಇರಲಿಲ್ಲ. ಸಂಘದ ಅಧ್ಯಕ್ಷರಾದ ತ್ರಿವಿಕ್ರಮ ಶೆಟ್ಟರದು ಟೈಲ್ಸ್ ಅಂಗಡಿ. ಮಣ್ಣು ಕಂಡರೆ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅವರು ಅಧ್ಯಕ್ಷರಾದ ಮೊದಲ ವರ್ಷ ನಡುವಿನ ಅಂಗಳಕ್ಕೆ ಟೈಲ್ಸ್ ಬಿತ್ತು, ಎರಡನೇ ವರ್ಷ ಕಾಂಪೌಂಡಿನ ಸುತ್ತ ಬಿತ್ತು, ಮೂರನೇ ವರ್ಷ ಟೈಲ್ಸಿನ ಮೇಲೆಯೇ ಇನ್ನೊಂದು ಪದರ ಟೈಲ್ಸ್ ಬಿತ್ತು. ಬೇಸಿಗೆಯ ಮಧ್ಯಾಹ್ನ ಅಂಗಳ ದಾಟಿದರೆ ಚಪ್ಪಲಿಯ ಅಂಟು ಬಿಡುತ್ತಿತ್ತು. ನಾನು ಸಂಘದ ಕಾರ್ಯದರ್ಶಿ. ನನ್ನ ಯೋಗ್ಯತೆ ಏನೆಂದರೆ, ಮೂವತ್ತನಾಲ್ಕು ವರ್ಷ ಸರ್ಕಾರಿ ಕನ್ನಡ ಬರೆದು ಬರೆದು, ಯಾರಿಗೂ ಅರ್ಥವಾಗದ ಆದರೆ ಎಲ್ಲರಿಗೂ ಭಯವಾಗುವ ನೋಟಿಸು ಬರೆಯುವ ಕೈ ನನಗಿತ್ತು.

ಸುನಂದಾ ತೀರಿಕೊಂಡ ಮರುವರ್ಷ ಪುರಸಭೆಯವರು 'ಹಸಿರು ವಸತಿ' ಎಂಬ ಶೀಲ್ಡು ಘೋಷಿಸಿದರು. ಎಲ್ಲರೂ ಬಳಸುವ ಜಾಗದಲ್ಲಿ ಅತಿ ಹೆಚ್ಚು ಗಿಡ ಬೆಳೆಸಿದ ಅಪಾರ್ಟ್‌ಮೆಂಟಿಗೆ ಸಭೆ ಕರೆದು ಕೊಡುತ್ತಾರಂತೆ, ಪತ್ರಿಕೆಯಲ್ಲಿ ಫೋಟೋ ಬರುತ್ತದಂತೆ. ಅದನ್ನು ಓದಿದ ಬೆಳಿಗ್ಗೆಯೇ ಶೆಟ್ಟರಿಗೆ ಪ್ರಕೃತಿಯ ಮೇಲೆ ಪ್ರೀತಿ ಉಕ್ಕಿತು.

"ಚಿದಂಬರಯ್ಯನವರೇ, ಮುಂದಿನ ಪೀಳಿಗೆಗೆ ನಾವು ಏನು ಬಿಟ್ಟುಹೋಗ್ತೀವಿ, ಹೇಳಿ" ಎಂದು ತುರ್ತು ಸಭೆಯಲ್ಲಿ ಕೇಳಿದರು.

"ಟೈಲ್ಸು" ಅಂದೆ.

ಅವರು ನಗಲಿಲ್ಲ. ಮನೆಗೊಂದು ಗಿಡ ಎಂದು ಠರಾವಾಯಿತು. ಅಂಗಳದ ಟೈಲ್ಸನ್ನು ಅಲ್ಲಲ್ಲಿ ಕಿತ್ತು ಅರವತ್ನಾಲ್ಕು ಚೌಕ ಮಾಡಬೇಕು. ಕೀಳುವ ಕೆಲಸವನ್ನು ಹಾಕಿದವರಿಗೇ ಕೊಟ್ಟರೆ ಅನುಕೂಲ ಎಂದು ಶೆಟ್ಟರೇ ಸೂಚಿಸಿದರು, ಶೆಟ್ಟರೇ ಅನುಮೋದಿಸಿದರು.

ಗಿಡ ನೆಡುವ ಹಬ್ಬ ಒಂದು ಭಾನುವಾರ ನಡೆಯಿತು. ಹೆಂಗಸರೆಲ್ಲ ಹಸಿರು ಸೀರೆ ಉಟ್ಟಿದ್ದರು, ಗಂಡಸರು ಕೈಗೆ ರಬ್ಬರ್ ಗವುಸು ಹಾಕಿದ್ದರು. ಗುಂಡಿ ತೋಡಿದ್ದು ಕೂಲಿಯವರು, ಗಿಡ ಇಳಿಸಿದ್ದು ಕೂಲಿಯವರು, ಮಣ್ಣು ಮುಚ್ಚಿದ್ದೂ ಅವರೇ. ನಾವು ಕೊನೆಗೆ ಎಲೆಯನ್ನು ಬೆರಳತುದಿಯಿಂದ ಮುಟ್ಟಿಕೊಂಡು ಫೋಟೋಕ್ಕೆ ನಿಂತೆವು. ಪ್ರತಿ ಗಿಡಕ್ಕೂ ಒಂದು ತಗಡಿನ ಫಲಕ. ಬಿ ಬ್ಲಾಕಿನ ಪ್ರಫುಲ್ಲಾ ಮೇಡಂ ತಮ್ಮ ಗಿಡಕ್ಕೆ ತಮ್ಮ ನಾಯಿಯ ಹೆಸರಿಟ್ಟರು. ನಾನು ಒಂದು ಸಂಪಿಗೆ ನೆಟ್ಟೆ. ಫಲಕದ ಮೇಲೆ 'ದಿವಂಗತ ಶ್ರೀಮತಿ ಸುನಂದಾ ಸ್ಮರಣಾರ್ಥ' ಎಂದು ಬರೆಸಿ, ಅದರ ಕೆಳಗೆ ನನ್ನ ಹೆಸರು, ಹುದ್ದೆ, ನಿವೃತ್ತಿಯ ಶ್ರೇಣಿ ಎಲ್ಲ ಬರೆಸಿದೆ. ಗಿಡಕ್ಕಿಂತ ಫಲಕವೇ ಒಂದು ಗೇಣು ಎತ್ತರವಿತ್ತು. ಆ ದಿನ ನನ್ನ ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಫೋಟೋ ತೆಗೆದಾದ ಮೇಲೆ ನಾನೂ ಎಲ್ಲರ ಜೊತೆ ಉಪ್ಪಿಟ್ಟು ಕೇಸರಿಬಾತಿನ ಕಡೆ ನಡೆದೆ.

ಊರಿನ ಸ್ವಭಾವ ಗೊತ್ತಿದ್ದವನಾದ್ದರಿಂದ ನಾನು ಒಂದು ವೇಳಾಪಟ್ಟಿ ತಯಾರಿಸಿದ್ದೆ. ಯಾರೊಬ್ಬರ ಬಾಗಿಲಿಗೂ ಗಿಡ ಹೋಗದಂತೆ ದಿನಕ್ಕೊಂದು ಬ್ಲಾಕಿನವರು ಸರದಿಯಲ್ಲಿ ನೀರು ಹಾಕಬೇಕು. ಸೋಮವಾರ ಎ ಬ್ಲಾಕಿನವರು, ಬಿ ಬ್ಲಾಕಿನವರು ಹಾಕುತ್ತಾರೆಂದು ತಿಳಿದರು. ಮಂಗಳವಾರ ಬಿ ಬ್ಲಾಕಿನವರು, ನಿನ್ನೆ ಎ ಬ್ಲಾಕಿನವರು ಹಾಕಿರುವುದರಿಂದ ಇವತ್ತು ಜಾಸ್ತಿಯಾಗುತ್ತದೆಂದು ತಿಳಿದರು. ಬುಧವಾರ ಸಿ ಬ್ಲಾಕಿನವರಿಗೆ ವೇಳಾಪಟ್ಟಿಯ ಅಕ್ಷರ ಚಿಕ್ಕದೆಂದು ತಕರಾರು. ಡಿ ಬ್ಲಾಕು ಶೆಟ್ಟರದು, ಅವರಿಗೆ ಯಾರು ಹೇಳುತ್ತಾರೆ? ನಾನು ಎ ಬ್ಲಾಕಿನ ನೆಲಮಹಡಿಯಲ್ಲಿದ್ದೆ. ಸಂಪಿಗೆ ನನ್ನ ಕಿಟಕಿಯಿಂದ ಇಪ್ಪತ್ತು ಹೆಜ್ಜೆ. ಪಟ್ಟಿ ಬರೆದವನೇ ಪಟ್ಟಿ ಮೀರಿದರೆ ಶಿಸ್ತು ಉಳಿಯುತ್ತದೆಯೇ ಎಂದು ಕಿಟಕಿಯಿಂದಲೇ ನೋಡುತ್ತಿದ್ದೆ.

ಹದಿನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಚೌಕ ಖಾಲಿ. ಅಲ್ಲಿದ್ದ ಗಿಡಗಳೆಲ್ಲ ಸಿ ಬ್ಲಾಕಿನ ಕಡೆ ಗುಂಪುಗೂಡಿದ್ದವು. ಮರುದಿನ ಮೆಟ್ಟಿಲು ಹತ್ತಿದ್ದವು. ಮೊದಲ ಮಹಡಿಯ ತಿರುವಿನಲ್ಲಿ ಬೇವು, ಹೊಂಗೆ, ಎರಡು ದಾಸವಾಳ. ಎರಡನೇ ಮಹಡಿಯಲ್ಲಿ ನಾಯಿಯ ಹೆಸರಿನ ನಂದಿಬಟ್ಟಲು. ಒಂದು ಕರಿಬೇವು ಲಿಫ್ಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತಿತ್ತು. ಎಲ್ಲಕ್ಕಿಂತ ಮುಂದೆ, ಮೂರನೇ ಮಹಡಿಯ ಒಂದು ಬಾಗಿಲಿಗೆ ಒತ್ತಿಕೊಂಡು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಮ್ಮ ಸಂಪಿಗೆ ನಿಂತಿತ್ತು. ಹೊಸ ಚಿಗುರು ಬಿಟ್ಟಿತ್ತು.

ಆ ಮನೆಯಲ್ಲಿದ್ದವಳು ದಾಕ್ಷಾಯಿಣಿ. ಐವತ್ತರ ಆಚೀಚಿನ ಹೆಂಗಸು, ಒಂಟಿ, ಬಾಡಿಗೆಗಿದ್ದವಳು. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಚೈತ್ರವನದ ಅರವತ್ತು ಮನೆಯ ರವಿಕೆ ಅವಳದೇ ಹೊಲಿಗೆ, ಆದರೆ ಬಾಡಿಗೆದಾರಳಾದ್ದರಿಂದ ಸಭೆಯಲ್ಲಿ ಅವಳಿಗೆ ಮತವೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ಗಿಡ ನೆಡುವ ಹಬ್ಬದ ದಿನವೂ ಮಾಲೀಕರಿಗೆ ಮಾತ್ರ ಫಲಕವಿತ್ತು.

ಸಭೆ ಸೇರಿತು. ಪ್ರಫುಲ್ಲಾ ಮೇಡಂ ಮೊದಲು ಎದ್ದರು. "ನಮ್ಮ ಗಿಡಗಳನ್ನ ಯಾರೋ ಪುಸಲಾಯಿಸಿದಾರೆ. ನಮ್ಮ ಬ್ರೂನೋ ಗಿಡ ಅವರ ಮಹಡಿಗೆ ಯಾಕೆ ಹೋಗ್ಬೇಕು?"

"ಇದು ಕಳ್ಳತನ" ಎಂದರು ಶೆಟ್ಟರು. "ಪರೀಕ್ಷೆಗೆ ಬರೋರು ಅಂಗಳ ನೋಡ್ತಾರೋ, ಮೆಟ್ಟಿಲು ನೋಡ್ತಾರೋ? ಕರೆಸಿ ಆಯಮ್ಮನ್ನ."

ದಾಕ್ಷಾಯಿಣಿ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ನಾನು ಸರ್ಕಾರಿ ಗತ್ತಿನಲ್ಲಿ ಕೇಳಿದೆ. "ದಾಕ್ಷಾಯಿಣಮ್ಮ, ನೀವು ವೇಳಾಪಟ್ಟಿಗೆ ವಿರುದ್ಧವಾಗಿ ಗಿಡಗಳಿಗೆ ನೀರು ಹಾಕಿರೋದು ನಿಜವೋ ಸುಳ್ಳೋ?"

"ನಿಜ ಸಾರ್."

"ಯಾಕೆ?"

"ಲೈನಿಂಗ್ ಬಟ್ಟೆ ಹೊಲಿಯೋಕ್ಕೆ ಮುಂಚೆ ನೀರಲ್ಲಿ ನೆನೆಸ್ಬೇಕು ಸಾರ್. ಇಲ್ದಿದ್ರೆ ಮೊದಲನೇ ಒಗೆತಕ್ಕೇ ರವಿಕೆ ಬಿಗಿಯಾಗುತ್ತೆ, ಇವರೆಲ್ಲ ಬಂದು ನನ್ನನ್ನೇ ಬೈತಾರೆ. ದಿನಾ ಎರಡು ಬಕೆಟ್ ನೀರು ಮಿಗುತ್ತೆ. ಮೋರಿಗೆ ಚೆಲ್ಲೋದು ಯಾಕೆ ಅಂತ ಗಿಡಕ್ಕೆ ಹಾಕ್ದೆ. ಜೊತೆಗೆ ದಿನಪೂರ್ತಿ ಕತ್ತರಿ ಹಿಡಿದು ಬೆರಳು ಜೋಮು ಬಂದಿರುತ್ತೆ, ಬಕೆಟ್ ಹಿಡಿದು ಇಳಿದು ಹತ್ತಿದ್ರೆ ಬಿಡುತ್ತೆ."

ಇದರಲ್ಲಿ ಪರಿಸರಪ್ರೇಮ ಎಂಬ ಮಾತೇ ಇಲ್ಲದಿರುವುದು ಎಲ್ಲರಿಗೂ ಇನ್ನಷ್ಟು ಅವಮಾನವೆನಿಸಿತು. ಇಷ್ಟು ಜನ ಗವುಸು ಹಾಕಿ ಮಾಡಿದ ಪ್ರೀತಿಯನ್ನು ಬಿಟ್ಟು ಬಟ್ಟೆ ನೆನೆಸಿದ ನೀರಿಗೆ ಹೋದವಲ್ಲ ಈ ಗಿಡಗಳು! ಶೆಟ್ಟರು ಮೇಜು ತಟ್ಟಿದರು. "ಮನೆ ಖಾಲಿ ಮಾಡ್ಸಿ. ಅವರ ಮಾಲೀಕರು ನನಗೆ ಗೊತ್ತಿರೋರೇ."

"ಮಾಡ್ತೀನಿ" ಎಂದಳು ದಾಕ್ಷಾಯಿಣಿ. "ಟೆಂಪೋ ತರಿಸಿದ್ರೆ ನಾಳೆನೇ ಹೋದೆ. ಆದ್ರೆ ಹಿಂದೆ ಬರೋವನ್ನ ಅಟ್ಟಿಸಿಕೊಂಡು ಕೂರೋಕ್ಕೆ ನನ್ನ ಕೈಲಾಗಲ್ಲ ಸಾರ್. ನೀವೇ ಗೇಟ್ ಹತ್ರ ನಿಂತು ಹಿಡ್ಕೋಬೇಕು."

ಸಭೆ ತಣ್ಣಗಾಯಿತು. ಅರವತ್ನಾಲ್ಕು ಗಿಡ ಫಲಕ ಹೊತ್ತುಕೊಂಡು ಟೆಂಪೋ ಹಿಂದೆ ಊರೆಲ್ಲ ಮೆರವಣಿಗೆ ಹೋಗುವುದನ್ನು ಎಲ್ಲರೂ ಒಟ್ಟಿಗೆ ಕಣ್ಣಮುಂದೆ ಕಂಡರು. ನಾಯಿಯ ಫಲಕವೂ ಅದರಲ್ಲಿ. ಖಾಲಿ ಮಾಡಿಸುವ ಮಾತು ಅಲ್ಲಿಗೇ ನಿಂತಿತು. ಬದಲಿಗೆ, ಇನ್ನು ಮುಂದೆ ಸಂಘದ ಗಿಡಕ್ಕೆ ಒಂದು ತೊಟ್ಟೂ ನೀರು ಹಾಕುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳುವುದೆಂದಾಯಿತು. ಬರೆದವನು ನಾನೇ. 'ಸಾರ್ವಜನಿಕ ಸಸ್ಯಸಂಪತ್ತನ್ನು ದುರುದ್ದೇಶಪೂರ್ವಕವಾಗಿ ಆಮಿಷಕ್ಕೊಳಪಡಿಸಿದ' ಎಂಬ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಸೇರಿಸಿದೆ. ಬರೆಯುವಾಗ ಕಣ್ಣಮುಂದೆ ಇದ್ದದ್ದು ಆ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸಂಪಿಗೆ. ಬೇರೆ ಗಿಡ ಎಲ್ಲಿಗಾದರೂ ಹೋಗಲಿ. ಸುನಂದಾಳ ಗಿಡ ನನ್ನ ಕಿಟಕಿಗೆ ಬೆನ್ನು ಹಾಕಿ ಯಾರದೋ ಮನೆಗೆ ಹೋಯಿತೆಂದರೆ ಜನ ಏನು ತಿಳಿಯುತ್ತಾರೆ? ದಾಕ್ಷಾಯಿಣಿ ಓದಿ ನೋಡದೆ ಸಹಿ ಹಾಕಿದಳು. ಹಾಕಿ, "ಕೈಬರಹ ಚೆನ್ನಾಗಿದೆ ಸಾರ್" ಎಂದು ಹೋದಳು.

ಕೂಲಿಯವರು ಬಂದು ಗಿಡಗಳನ್ನೆಲ್ಲ ಕೆಳಗೆ ಹೊತ್ತು ತಂದರು. ಮತ್ತೆ ಆಯಾ ಚೌಕದಲ್ಲಿಟ್ಟು ಗೂಟ ಹೊಡೆದು ನೈಲಾನ್ ಹಗ್ಗದಲ್ಲಿ ಕಟ್ಟಿದರು. ಕಾರ್ಯದರ್ಶಿಯ ವಿಶೇಷಾಧಿಕಾರ ಬಳಸಿ ಸಂಪಿಗೆಯನ್ನು ನಾನು ನನ್ನ ಬಾಗಿಲ ಮುಂದೆಯೇ ಇಡಿಸಿದೆ. ಕಿಟಕಿಯ ಸರಳಿಗೆ ಕಟ್ಟಿದೆ. ಈಗ ವೇಳಾಪಟ್ಟಿಯ ಶಿಸ್ತನ್ನೂ ಬದಿಗಿಟ್ಟು ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಫಿಲ್ಟರ್ ನೀರು ಹಾಕತೊಡಗಿದೆ. ಹಾಕುವಾಗ, ನಾನು ಹಾಕುತ್ತಿರುವುದು ಅಕ್ಕಪಕ್ಕದವರಿಗೆ ಗೊತ್ತಾಗಲೆಂದು ಸ್ವಲ್ಪ ಕೆಮ್ಮುತ್ತಿದ್ದೆ. ಆರು ದಿನ ಹಾಕಿದೆ. ಆರೂ ದಿನ ಆ ಗಿಡ ಹಗ್ಗವನ್ನು ಬಿಗಿಯಾಗಿ ಜಗ್ಗಿಕೊಂಡು, ಸೊಂಟ ಮುರಿದವರ ಹಾಗೆ ಬಾಗಿ, ಸಿ ಬ್ಲಾಕಿನ ಕಡೆಗೇ ಮುಖ ಮಾಡಿ ನಿಂತಿತ್ತು. ಚಿಗುರು ಮುರುಟಿತು. ಕೆಳಗಿನ ಎಲೆ ಹಳದಿಯಾಗಿ ಉದುರಿದವು. ಹೋಗುವವರು ಬರುವವರು ನಿಂತು ನೋಡಿ, ಅಯ್ಯೋ ಪಾಪ ಎಂದು ಹೋಗುತ್ತಿದ್ದರು. ಪಾಪ ಎಂದದ್ದು ಗಿಡಕ್ಕೋ ನನಗೋ ಎಂದು ನಾನು ವಿಚಾರಿಸಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಮೂರನೇ ಮಹಡಿಗೆ ಹೋದೆ. ನೋಟಿಸು ಕೊಡಲು ಹೋಗುವವನ ಹಾಗೆ ಕೈಯಲ್ಲಿ ಒಂದು ಫೈಲು ಹಿಡಿದಿದ್ದೆ. ಅದರೊಳಗೆ ಕರೆಂಟು ಬಿಲ್ಲು ಬಿಟ್ಟರೆ ಏನೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ದಾಕ್ಷಾಯಿಣಿ ಮಿಷನ್ನಿನ ಮುಂದೆ ಕೂತಿದ್ದಳು.

"ನೀರಿಗೆ ಏನು ಬೆರೆಸ್ತಿದ್ರಿ?" ಎಂದು ನಿಂತಲ್ಲಿಂದಲೇ ಕೇಳಿದೆ.

"ಏನೂ ಇಲ್ಲ ಸಾರ್. ಬಟ್ಟೆಯ ಗಂಜಿ ಬಿಟ್ಟಿರುತ್ತೆ, ಅಷ್ಟೇ. ಕೂತ್ಕೊಳ್ಳಿ."

"ಈಗ ಆ ನೀರು ಏನು ಮಾಡ್ತೀರಿ?"

"ಮೋರಿಗೆ. ಮೋರಿ ಒಂದಕ್ಕೆ ನಿಮ್ಮ ನೋಟಿಸು ಬಂದಿಲ್ಲ."

ಕಿಟಕಿಯ ಹತ್ತಿರ ಒಂದು ಬೆತ್ತದ ಸ್ಟೂಲು ಇತ್ತು, ಅದರ ಮೇಲೆ ಕೂರಲು ಹೋದೆ. ಅವಳು ಥಟ್ಟನೆ, "ಅದು ಬೇಡ ಸಾರ್, ಕುರ್ಚಿ ತಗೊಳ್ಳಿ" ಎಂದಳು. ಮತ್ತೆ ತಾನೇ ಸುಧಾರಿಸಿಕೊಂಡು, "ಅಲ್ಲ, ನೀವೇ ತಾನೆ, ಕೂತ್ಕೊಳ್ಳಿ. ಅಕ್ಕನ ಜಾಗ ಅದು" ಅಂದಳು.

"ಯಾವ ಅಕ್ಕ?"

ಮಿಷನ್ನು ನಿಂತಿತು. "ಸುನಂದಕ್ಕ. ನಿಮಗೆ ಗೊತ್ತಿಲ್ವಾ? ದಿನಾ ಮೂರು ಗಂಟೆಗೆ ಬರ್ತಿದ್ರಲ್ಲ."

"ಇಲ್ಲಿಗಾ? ಅವಳು ಮಧ್ಯಾಹ್ನ ಮಲಗ್ತಿದ್ಲು."

"ನೀವು ಮಲಗ್ತಿದ್ರಿ ಸಾರ್" ಎಂದಳು ದಾಕ್ಷಾಯಿಣಿ. ಅದರಲ್ಲಿ ಕೊಂಕೇನೂ ಇರಲಿಲ್ಲ, ಬಟ್ಟೆಯ ಅಳತೆ ಹೇಳಿದ ಹಾಗೆ ಹೇಳಿದಳು. "ನೀವು ಮಲಗಿದ ಮೇಲೆ ಬರೋರು, ನೀವು ಏಳೋ ಹೊತ್ತಿಗೆ ಕಾಫಿಗೆ ಇಳಿಯೋರು. ನಾಲ್ಕು ವರ್ಷ. ರವಿಕೆಗೆ ಹುಕ್ಕು ಹಾಕೋದು ಅವರದೇ ಕೆಲಸ. ನಾನು ಬೇಡ ಅಂದ್ರೂ ಕೇಳ್ತಿರಲಿಲ್ಲ. ಬಾಯಿ ಬಿಟ್ರೆ ನಗು. ನಿಮ್ಮ ನೋಟಿಸು ಬಂತು ಅಂದ್ರೆ ಇಲ್ಲಿಗೆ ತಂದು ಗಟ್ಟಿಯಾಗಿ ಓದೋರು, ನಾನು ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ."

ನಾನು ಆ ಸ್ಟೂಲಿನ ಮೇಲೆ ಕೂತೆ. ಈ ಊರಿನ ಒಂದೊಂದು ಸೈಟಿನ ಉದ್ದಗಲ ಅಂಗುಲದ ಲೆಕ್ಕದಲ್ಲಿ ನನಗೆ ಗೊತ್ತಿತ್ತು. ಯಾರ ಗೋಡೆ ಯಾರ ಜಾಗಕ್ಕೆ ಎಷ್ಟು ಬಂದಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಮಧ್ಯಾಹ್ನ ಮೂರು ಗಂಟೆಗೆ ನನ್ನ ಹೆಂಡತಿ ಎಲ್ಲಿರುತ್ತಾಳೆಂಬುದು ಮಾತ್ರ ನಾಲ್ಕು ವರ್ಷ ಗೊತ್ತಾಗಿರಲಿಲ್ಲ. ಅವಳು ಬಾಯಿಬಿಟ್ಟು ನಗುತ್ತಿದ್ದಳೆಂಬುದೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ತುಟಿ ಮುಚ್ಚಿ ನಗುತ್ತಿದ್ದಳು. ಹಲ್ಲು ಸರಿಯಿಲ್ಲವೆಂದು ನಾನೇ ಎಂದೋ ಹೇಳಿದ್ದೆನೋ ಏನೋ, ನೆನಪಾಗಲಿಲ್ಲ. ಆದರೆ ನಾನು ಹೇಳಿರಬಹುದಾದ ಮಾತೇ ಅದು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. ಯಾರನ್ನು ಕೇಳಿದೆನೋ ಗೊತ್ತಿಲ್ಲ.

"ಹೇಳಿದ್ರೆ ನೀವು ಅದಕ್ಕೂ ಒಂದು ವೇಳಾಪಟ್ಟಿ ಹಾಕ್ತಿದ್ರಿ ಅಂತಿದ್ರು" ಎಂದಳು ದಾಕ್ಷಾಯಿಣಿ, ಮತ್ತೆ ಮಿಷನ್ನು ತುಳಿದಳು.

ನಾನು ಕೆಳಗಿಳಿದು ಸಂಪಿಗೆಯ ಹಗ್ಗ ಬಿಚ್ಚಿದೆ. ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಹಲ್ಲು ಹಚ್ಚಬೇಕಾಯಿತು. ಆಮೇಲೆ ಒಳಗೆ ಹೋಗಿ ಕಿಟಕಿಯ ಪರದೆ ಎಳೆದು ಕೂತೆ, ನೋಡಿದರೆ ಅದು ನಡೆಯುವುದಿಲ್ಲವಲ್ಲ. ಸಂಜೆಗೆ ಅದು ಸಿ ಬ್ಲಾಕಿನ ಮೊದಲ ಮೆಟ್ಟಿಲಲ್ಲಿತ್ತು. ಮರುದಿನ ಮೂರನೇ ಮಹಡಿ. ಅಲ್ಲಿಗೆ ನಾನೇ ಬಕೆಟ್ಟು ಹೊತ್ತು ಹತ್ತಿದೆ. ದಾಕ್ಷಾಯಿಣಿ ಹೊಸ್ತಿಲೊಳಗೆ ನಿಂತು ನೋಡಿದಳು. "ಬುಡಕ್ಕೆ ಸುರೀಬೇಡಿ ಸಾರ್, ಸುತ್ತ ಬಿಡಿ. ಮಣ್ಣು ಕುಡಿಯೋವರೆಗೆ ಕಾಯಿರಿ. ಇಷ್ಟು ಅವಸರ ಯಾಕೆ, ಅದೇನು ಕಚೇರಿಗೆ ಹೋಗ್ಬೇಕಾ?" ಎಂದಳು. ಕಾದೆ. ನಿವೃತ್ತನಾದ ಮೇಲೆ ಮೊದಲ ಸಲ ನನಗೆ ಯಾವುದಕ್ಕೂ ಅವಸರವಿಲ್ಲವೆಂಬುದು ಹೊಳೆಯಿತು.

"ಇದಕ್ಕೆ ನೀವಿದೀರಿ. ಕೆಳಗಿನವಕ್ಕೆ ಯಾರಿದಾರೆ?" ಎಂದು ಅವಳು ಕೇಳಿದಳು. "ಮೂರು ವಾರಕ್ಕೆ ಪರೀಕ್ಷೆಯಂತೆ. ಮೂರು ದಿನ ಬದುಕಿದ್ರೆ ಹೆಚ್ಚು. ನಾನಂತೂ ಸಹಿ ಹಾಕಿದೀನಪ್ಪ, ದುರುದ್ದೇಶಪೂರ್ವಕ."

ಕೆಳಗೆ ನೋಡಿದೆ. ಟೈಲ್ಸಿನ ಕಾವಿಗೆ ಗಿಡಗಳು ಹುರಿದ ಸೊಪ್ಪಿನ ಹಾಗಾಗಿದ್ದವು. ಹೊಣೆಗಾರಿಕೆ ಹೇಳಿ ಈ ಜನರ ಕೈಯಲ್ಲಿ ಚೊಂಬು ಹಿಡಿಸಲು ಆಗುವುದಿಲ್ಲವೆಂಬುದು ವೇಳಾಪಟ್ಟಿಯಿಂದ ಸಾಬೀತಾಗಿತ್ತು. ಒಳ್ಳೆಯ ಗುಣ ಎಲ್ಲರಲ್ಲೂ ಸಮನಾಗಿರುವುದಿಲ್ಲ. ಸಮನಾಗಿರುವುದು ಇನ್ನೊಂದಿದೆ. ನನ್ನ ಕಸುಬಿನಲ್ಲಿ ಕಲಿತದ್ದೂ ನೆನಪಾಯಿತು. ಒಂದು ಕಂಬವನ್ನು ಒಂದೇ ಕಡೆಯಿಂದ ಜಗ್ಗಿದರೆ ಬೀಳುತ್ತದೆ, ನಾಲ್ಕೂ ಕಡೆಯಿಂದ ಸಮನಾಗಿ ಜಗ್ಗಿದರೆ ಅಲುಗಾಡುವುದಿಲ್ಲ. ಆವತ್ತೇ ಒಂದು ನೋಟಿಸು ಬರೆದು ನಾಲ್ಕೂ ಬ್ಲಾಕಿಗೆ ಅಂಟಿಸಿದೆ. ನನ್ನ ಜೀವಮಾನದಲ್ಲಿ ಎಲ್ಲರಿಗೂ ಅರ್ಥವಾಗುವಂತೆ ಬರೆದ ನೋಟಿಸು ಅದೊಂದೇ. 'ಎಲ್ಲ ಹಗ್ಗ ಬಿಚ್ಚಲಾಗಿದೆ. ಫಲಕಗಳನ್ನು ತೆಗೆಯಲಾಗಿದೆ. ಶೀಲ್ಡು ಬಂದಲ್ಲಿ, ಯಾರ ಬಾಗಿಲಿಗೆ ಅತಿ ಹೆಚ್ಚು ಗಿಡ ಬಂದಿರುತ್ತವೋ ಅವರ ಹೆಸರನ್ನು ಶೀಲ್ಡಿನ ಮೇಲೆ ಕೆತ್ತಿಸಲಾಗುವುದು. ಪಕ್ಕದ ಮನೆಯವರ ಬಾಗಿಲಿಗೆ ಬಂದಲ್ಲಿ ಅವರ ಹೆಸರನ್ನು ಕೆತ್ತಿಸಲಾಗುವುದು.' ಕೊನೆಯ ಸಾಲು ಬೇಕಾಗಿರಲಿಲ್ಲ. ಆದರೆ ಕೆಲಸ ಮಾಡಿದ್ದು ಅದೇ.

ಅಂದು ಸಂಜೆ ಪ್ರಫುಲ್ಲಾ ಮೇಡಂ ಒಂದು ಹೂಜಿ ಹಿಡಿದು ಇಳಿದರು. ಅವರನ್ನು ಕಂಡು ಅವರ ಎದುರುಮನೆಯವರು ಬಿಂದಿಗೆ ಹಿಡಿದು ಇಳಿದರು. ಶೆಟ್ಟರು ಡಿ ಬ್ಲಾಕಿನಿಂದ ಪೈಪನ್ನೇ ಎಳೆದರು. ಎರಡು ದಿನದಲ್ಲಿ ಅಂಗಳದಲ್ಲಿ ಜಾಗವಿಲ್ಲದಷ್ಟು ಜನ. ಯಾರು ಎಷ್ಟು ಹಾಕಿದರೆಂದು ಬಾಲ್ಕನಿಯಿಂದ ಕಣ್ಣಿಟ್ಟು ನೋಡಿ, ಅವರು ಒಳಗೆ ಹೋದ ತಕ್ಷಣ ಇನ್ನೊಬ್ಬರು ಒಂದು ಚೊಂಬು ಹೆಚ್ಚು ಹಾಕುತ್ತಿದ್ದರು. ಕೆಲವರು ಗೊಬ್ಬರ ತಂದರು. ಬಿಸಿಲಿಗೆ ನೆಲ ಕಾಯುತ್ತದೆಂದು ತಾವೇ ಟೈಲ್ಸ್ ಕಿತ್ತವರೂ ಉಂಟು. ಶೆಟ್ಟರು ನೋಡಿ ಹಲ್ಲು ಕಚ್ಚಿದರು, ಆದರೆ ತಮ್ಮ ಪೈಪು ಬಿಡಲಿಲ್ಲ. ಗಿಡಗಳು ಮೊದಲು ಎ ಬ್ಲಾಕಿನ ಕಡೆ ಒಂದು ಹೆಜ್ಜೆ ಹೋದವು, ಮಾರನೇ ದಿನ ಬಿ ಕಡೆ ಒಂದು ಹೆಜ್ಜೆ, ಮತ್ತೆ ಡಿ ಕಡೆ. ಅತ್ತ ಹೊರಟರೆ ಇತ್ತ ಎಳೆತ. ಹತ್ತು ದಿನ ಹೀಗೆ ತಬ್ಬಿಬ್ಬಾಗಿ ಸುತ್ತಿ, ಕೊನೆಗೆ ಎಲ್ಲ ಬಾಗಿಲಿಗೂ ಸಮದೂರವಿದ್ದ ಅಂಗಳದ ನಟ್ಟನಡುವೆ ಬಂದು ಒತ್ತೊತ್ತಾಗಿ ನಿಂತುಬಿಟ್ಟವು. ನಿಂತ ಮೇಲೆ ಬೇರೆ ಕೆಲಸವಿಲ್ಲದೆ ಬೆಳೆದವು. ಅರವತ್ನಾಲ್ಕು ಮನೆಯ ಹೊಟ್ಟೆಕಿಚ್ಚು ಕುಡಿದು ಅಷ್ಟು ಸೊಗಸಾಗಿ ಬೆಳೆದ ತೋಪನ್ನು ನಾನು ಈ ಊರಲ್ಲಿ ಕಂಡಿಲ್ಲ.

ಪರೀಕ್ಷೆಗೆ ಬಂದ ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎಲ್ಲರೂ ಬಳಸುವ ಜಾಗದಲ್ಲಿ ನೆಟ್ಟ ಗಿಡ ಎಲ್ಲರೂ ಬಳಸುವ ಜಾಗದಲ್ಲೇ ನಿಂತದ್ದನ್ನು ತಮ್ಮ ಸೇವಾವಧಿಯಲ್ಲಿ ಇದೇ ಮೊದಲು ನೋಡುತ್ತಿದ್ದೇನೆಂದರು. "ಇದು ಹೇಗೆ ಸಾಧ್ಯವಾಯ್ತು?" ಎಂದು ಕೇಳಿದರು.

"ನಿವಾಸಿಗಳ ಪರಸ್ಪರ ಪ್ರೀತಿ, ಸಹಕಾರ" ಎಂದರು ಶೆಟ್ಟರು. ಅವರ ಹಿಂದೆ ಇಬ್ಬರು ನಿವಾಸಿಗಳು ಒಂದೇ ಕೊಳಾಯಿಗೆ ಕೈಹಾಕಿ ಕಿತ್ತಾಡುತ್ತಿದ್ದರು.

ಶೀಲ್ಡು ಬಂತು. ಮೇಲಿದ್ದ ಸಂಪಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಉಳಿದಂತೆ ಯಾರ ಬಾಗಿಲಿಗೂ ಒಂದೂ ಗಿಡ ಬಂದಿರಲಿಲ್ಲವಾದ್ದರಿಂದ ಯಾರ ಹೆಸರನ್ನೂ ಕೆತ್ತಿಸುವ ಪ್ರಶ್ನೆ ಬರಲಿಲ್ಲ. ಶೆಟ್ಟರು ಅದನ್ನು ತಮ್ಮ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಸುರಕ್ಷತೆಗಾಗಿ. ಮುಂದಿನ ವರ್ಷ ಕೆತ್ತಿಸಬಹುದೆಂಬ ಆಸೆಯಿಂದ ಜನ ಇನ್ನೂ ನೀರು ಹಾಕುತ್ತಲೇ ಇದ್ದಾರೆ. ಈಗ ಮಧ್ಯಾಹ್ನ ಅಂಗಳದಲ್ಲಿ ನೆರಳಿರುತ್ತದೆ. ಬೆಂಚು ಹಾಕಿದ್ದೇವೆ. ಒಬ್ಬರ ಮೇಲೊಬ್ಬರು ಕಣ್ಣಿಡಲು ಬಂದವರು ಅದರ ಮೇಲೆ ಕೂತು, ಕೂತ ಮೇಲೆ ಮಾತಾಡದಿರಲಾರದೆ ಮಾತಾಡುತ್ತಾರೆ. ಪ್ರಫುಲ್ಲಾ ಮೇಡಮ್ಮಿಗೂ ಎದುರುಮನೆಯವರಿಗೂ ಉಪ್ಪಿನಕಾಯಿ ಕೊಟ್ಟು ತೆಗೆದುಕೊಳ್ಳುವಷ್ಟು ಸ್ನೇಹವಾಗಿದೆ, ಚೊಂಬಿನ ವಿಷಯ ಬಂದಾಗ ಮಾತ್ರ ಇಬ್ಬರೂ ಗಂಭೀರರಾಗುತ್ತಾರೆ.

ದಾಕ್ಷಾಯಿಣಿಯ ಮುಚ್ಚಳಿಕೆಯನ್ನು ನಾನು ಹರಿದು ಹಾಕಿದೆ. ಸಂಘದ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಗೊತ್ತು. ಹರಿದ ಚೂರನ್ನು ಅವಳಿಗೆ ತೋರಿಸಲು ಹೋದಾಗ ಅವಳು, "ಅಯ್ಯೋ, ಎಷ್ಟು ದಪ್ಪ ಕಾಗದ, ಕಾಲರಿಗೆ ಅಚ್ಚು ಕತ್ತರಿಸ್ಕೋತಿದ್ದೆನಲ್ಲ" ಎಂದು ಹಲುಬಿದಳು. ಈಗ ದಿನಾ ಮೂರು ಗಂಟೆಗೆ ನಾನು ಅಲ್ಲಿರುತ್ತೇನೆ. ಸುಮ್ಮನೆ ಕೂರುವವರಿಗೆ ಅಲ್ಲಿ ಜಾಗವಿಲ್ಲ. ಎರಡನೇ ದಿನವೇ ಸೂಜಿದಾರ ಕೊಟ್ಟು, "ಹುಕ್ಕು ಹಾಕಿ ಸಾರ್" ಎಂದಿದ್ದಳು. ಅಂಗುಲದ ಹದಿನಾರನೆಯ ಒಂದು ಭಾಗ ತಪ್ಪದೆ ಊರು ಅಳೆದ ಕೈ ನನ್ನದು. ನಾನು ಹಾಕಿದ ಮೊದಲ ಹುಕ್ಕು ಶೆಟ್ಟರ ಹೆಂಡತಿಯ ರವಿಕೆಯದು, ಒಂದು ಬೆರಳು ಕೆಳಗೆ ಬಂದಿತ್ತು. ದಾಕ್ಷಾಯಿಣಿ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು, ಅಕ್ಕ ಇದನ್ನು ನೋಡಬೇಕಿತ್ತು ಎಂದಳು. ನಾನೂ ನಕ್ಕೆ. ಬಾಯಿಬಿಟ್ಟೇ ನಕ್ಕೆ.

ಮೊನ್ನೆ ಶೆಟ್ಟರು ನನ್ನನ್ನು ಅಂಗಳದಲ್ಲಿ ತಡೆದು ನಿಲ್ಲಿಸಿದರು. ಮುಂದಿನ ವರ್ಷದ ಶೀಲ್ಡಿಗೆ ಅರ್ಜಿ ತುಂಬುತ್ತಿದ್ದರು. "ಚಿದಂಬರಯ್ಯನವರೇ, ಲೆಕ್ಕದಲ್ಲಿ ಒಂದು ಗಿಡ ಕಮ್ಮಿ ಬರ್ತಿದೆ. ಸಂಪಿಗೆ ಒಂದೇ ಇನ್ನೂ ಮೇಲಿದೆ. ಮೂರನೇ ಮಹಡಿಯ ಮೆಟ್ಟಿಲ ಮೇಲೆ, ಯಾರದೋ ಬಾಡಿಗೆ ಮನೆ ಬಾಗಿಲಲ್ಲಿ ಇದ್ರೆ ಚೆನ್ನಾಗಿರುತ್ತಾ? ನಿಮ್ಮ ಮನೆಯವರ ನೆನಪಿನ ಗಿಡ ಅಲ್ವಾ? ಕೆಳಗೆ ತರ್ಸಿ. ಸರಿಯಾದ ಜಾಗದಲ್ಲಿ ಇರ್ಲಿ."

ಗೇಟಿನ ಗಡಿಯಾರ ಮೂರಕ್ಕೆ ಐದು ನಿಮಿಷ ತೋರಿಸುತ್ತಿತ್ತು.

"ಶೆಟ್ಟರೇ, ಅದು ನನ್ನ ಹೆಂಡತಿಯ ಗಿಡ. ಈ ಹೊತ್ತಿಗೆ ಅದು ಎಲ್ಲಿರಬೇಕೋ ಅಲ್ಲೇ ಇದೆ" ಎಂದೆ.

ಲಿಫ್ಟು ಕೆಟ್ಟಿತ್ತು. ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದೆ.